ಸಣ್ಣ ಸೊಸೆಯ ಉಡಿ

ದುರುಗೇಶ ಆನ್‌ಲೈನ್ ಸೆಂಟರ್,
ಬಸ್ ನಿಲ್ದಾಣದ ಎದುರು, ದೇವದುರ್ಗ
ಡಿಸೆಂಬರ್ ೮, ೨೦೨೫

ಡಾಕ್ಟರ್ ಯಶೋಧಾಗೆ,

ನಿನ್ನ ಅಣ್ಣ ದುರುಗೇಶ ಬರೆಯುವುದೇನೆಂದರೆ, ನಾವೆಲ್ಲ ಇಲ್ಲಿ ಸುಖವಾಗಿದ್ದೇವೆ. ನೀನು ಹೈದರಾಬಾದಿನಲ್ಲಿ ಸಿಟ್ಟಿನಲ್ಲಿದ್ದರೂ ಸುಖವಾಗಿದ್ದೀ ಎಂದು ತಿಳಿದಿದ್ದೇನೆ. ನನ್ನ ನಂಬರು ಬ್ಲಾಕ್ ಮಾಡಿದ್ದೀ. ಅಪ್ಪನ ಫೋನಿನಿಂದ ಮಾಡಿದರೆ ನನ್ನ ದನಿ ಕೇಳಿದ ಕೂಡಲೇ ಇಟ್ಟುಬಿಡುತ್ತೀ. ಅಂಚೆಯವನನ್ನು ಬ್ಲಾಕ್ ಮಾಡುವ ವಿದ್ಯೆಯನ್ನು ನಿಮ್ಮ ವಿಜ್ಞಾನಿಗಳು ಇನ್ನೂ ಕಂಡುಹಿಡಿದಿಲ್ಲ, ಆದ್ದರಿಂದ ಈ ಸ್ಪೀಡ್ ಪೋಸ್ಟ್. ಪತ್ರದಲ್ಲಿ ಇನ್ನೊಂದು ಲಾಭವೂ ಇದೆ. ನಾನು ಮಾತಾಡುವಾಗ ನಡುವೆ ನೀನು ಬಾಯಿ ಹಾಕಲು ಬರುವುದಿಲ್ಲ.

ಮೊದಲು ಕೆಲಸದ ಮಾತು. ನೆದರ್‌ಲ್ಯಾಂಡ್ಸಿನ ಮರೈಕೆ ಮೇಡಂ ತಮ್ಮ ಪ್ರಯೋಗಾಲಯದಲ್ಲಿ ಎರಡು ವರ್ಷ ಪೋಸ್ಟ್‌ಡಾಕ್ ಮಾಡಲು ಬಾ ಎಂದು ನಿನಗೆ ಬರೆದಿದ್ದಾರೆ. ಬರುತ್ತೇನೆ, ಇಲ್ಲ ಎನ್ನುವುದನ್ನು ಈ ಶುಕ್ರವಾರದೊಳಗೆ ತಿಳಿಸಬೇಕು. ನೀನು ಇಲ್ಲ ಎಂದು ಬರೆಯುವವಳಿದ್ದೀ. ರಾಯಚೂರಿನ ಇಂಜಿನಿಯರಿಂಗ್ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಸೇರುವವಳಿದ್ದೀ. ಅದು ಕೆಟ್ಟ ಕೆಲಸವೆಂದು ನಾನು ಹೇಳುವುದಿಲ್ಲ. ನಮ್ಮ ವಂಶದಲ್ಲಿ ಕುರ್ಚಿಯ ಮೇಲೆ ಕುಳಿತು ಮಾಡುವ ಮೊದಲ ಕೆಲಸ ನನ್ನದು, ಎರಡನೆಯದು ಅದಾಗುತ್ತದೆ. ಆದರೆ ಅದನ್ನು ನೀನು ಒಲಿದು ಒಪ್ಪಿಕೊಳ್ಳುತ್ತಿಲ್ಲ. ಈ ಪೋಸ್ಟ್‌ಡಾಕ್ ಮೇಲಿನ ಸಿಟ್ಟಿಗೆ ಅದನ್ನು ಹಿಡಿಯುತ್ತಿದ್ದೀ. ನನ್ನ ಅಂಗಡಿಗೆ ಬರುವವರನ್ನು ದಿನಾ ನೋಡುತ್ತೇನೆ, ಸಿಟ್ಟಿನಲ್ಲಿ ಹಾಕಿದ ಅರ್ಜಿ ಯಾವುದು, ಮನಸ್ಸಿನಿಂದ ಹಾಕಿದ್ದು ಯಾವುದು ಎನ್ನುವುದು ನನಗೆ ಸಹಿ ನೋಡಿದರೇ ತಿಳಿಯುತ್ತದೆ.

ನೀನು ಕೊನೆಯ ಸಲ ಫೋನಿನಲ್ಲಿ ಅಂದದ್ದು ಈಗಲೂ ನನ್ನ ಕಿವಿಯಲ್ಲಿದೆ. “ಯಣ್ಣಾ, ನೀ ನನ್ನ ಓದು ಕಳಿಸಿಲ್ಲ. ನಮ್ಮ ಬಡತನಾ ಕಳಿಸೀದಿ. ಅವ್ರು ಕರುಣಾ ಮಾಡಿ ಕರದಾರ. ಕರುಣಾದ ಕೆಲಸ ನಾ ಒಲ್ಲೆ.” ಅಷ್ಟು ಹೇಳಿ ಫೋನು ಇಟ್ಟುಬಿಟ್ಟೆ. ಅದಕ್ಕೆ ಉತ್ತರ ನನ್ನ ಹತ್ತಿರ ಈಗ ಇದೆ. ಅದನ್ನು ಹೇಳುವ ಮೊದಲು ನಡೆದದ್ದನ್ನು ಸಾಲಾಗಿ ಜೋಡಿಸುತ್ತೇನೆ, ಯಾವ ಬದಿಗೆ ಎಷ್ಟು ತೂಗುತ್ತದೆಯೋ ನೀನೇ ನೋಡು.

ಅಕ್ಟೋಬರಿನಲ್ಲಿ ಅವ್ವನ ಕಣ್ಣಿನ ಆಪರೇಷನ್‌ಗೆಂದು ನೀನು ರಾಯಚೂರಿನ ಆಸ್ಪತ್ರೆಯಲ್ಲಿದ್ದೆ. ಲ್ಯಾಪ್‌ಟಾಪನ್ನು ನನ್ನ ಅಂಗಡಿಯಲ್ಲಿ ಬಿಟ್ಟು ಹೋಗಿದ್ದೆ. ಅರ್ಜಿಗೆ ಅಂದೇ ಕೊನೆಯ ದಿನವೆಂದು ಮಧ್ಯಾಹ್ನ ಫೋನು ಮಾಡಿ, “ಯಣ್ಣಾ, ಮೂರು ಫೈಲು ಅದಾವು. ಬಯೋಡೇಟಾ, ಸಂಶೋಧನಾದ ಯೋಜನಾ, ಲ್ಯಾಬಿನ್ಯಾಗ ತೆಗೆದ ವಿಡಿಯೊ. ಅವು ಮೂರs ಹಾಕು. ಮತ್ತೇನೂ ಹಾಕಬ್ಯಾಡ” ಎಂದೆ. ನಾನು ಹೂಂ ಅಂದೆ. ಹಾಕಿದೆ. ಆಮೇಲೆ ಕೆಳಗೆ ನೋಡಿದರೆ ‘ಇತರೆ ದಾಖಲೆಗಳು’ ಎಂದು ಒಂದು ಖಾಲಿ ಜಾಗ.

ಯಶೋಧಾ, ಖಾಲಿ ಜಾಗ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ತಹಶೀಲ್ದಾರ ಕಚೇರಿಯ ಬೇವಿನ ಗಿಡದ ಕೆಳಗೆ ಒಂದು ಮುರುಕು ಮೇಜು ಹಾಕಿಕೊಂಡು ಅರ್ಜಿ ಬರೆಯಲು ಕುಳಿತ ದಿನದಿಂದ ನಾನು ಕಲಿತ ಧರ್ಮ ಒಂದೇ: ಕೇಳದಿದ್ದರೂ ಲಗತ್ತಿಸು, ಕೇಳಿದ ಮೇಲೆ ಓಡಾಡಬೇಡ. ಒಂದು ಕಾಗದ ಕಡಿಮೆಯಾಯಿತೆಂದು ಎಷ್ಟು ಜನರ ಪಿಂಚಣಿ, ಎಷ್ಟು ಹುಡುಗರ ವಿದ್ಯಾರ್ಥಿವೇತನ ವಾಪಸ್ ಬಂದಿದೆಯೋ ನಾನು ಕಣ್ಣಾರೆ ಕಂಡಿದ್ದೇನೆ. ಕಾಗದ ಹೆಚ್ಚಾಯಿತೆಂದು ವಾಪಸ್ ಬಂದದ್ದನ್ನು ಕಂಡಿಲ್ಲ. ನಮ್ಮ ಮನೆಯ ಕಾಗದಗಳೆಲ್ಲ ನನ್ನ ಕಂಪ್ಯೂಟರಿನಲ್ಲಿ ಮೊದಲೇ ಸ್ಕ್ಯಾನ್ ಆಗಿ ಕುಳಿತಿದ್ದವು. ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ವಾಸಸ್ಥಳ ದೃಢೀಕರಣ, ಅಪ್ಪನ ಕೂಲಿ ಕಾರ್ಡು, ಪಡಿತರ ಚೀಟಿ, ನಡತೆ ಪ್ರಮಾಣಪತ್ರ. ಎಲ್ಲವನ್ನೂ ಒಂದೇ ಕಟ್ಟು ಮಾಡಿ ಏರಿಸಿಬಿಟ್ಟೆ. ಅದರ ಜೊತೆಗೆ ನಿನ್ನ ಯಂತ್ರವನ್ನು ಮಲ್ಲಟದ ಹೊಲಕ್ಕೆ ತಂದಾಗಿನ ವಿಡಿಯೊ ಕೂಡ ಹೇಗೋ ಹೋಗಿಬಿಟ್ಟಿತು. ಅಭ್ಯಾಸಬಲ. ಅದನ್ನು ಇಷ್ಟಕ್ಕೇ ಬಿಡೋಣ.

ನನ್ನ ಆತುರಕ್ಕೂ ಒಂದು ಕಾರಣವಿತ್ತು. ಆ ಹೊತ್ತಿಗಾಗಲೇ ನೀನು ಎಷ್ಟೋ ಪ್ರೊಫೆಸರರಿಗೆ ಬರೆದು ಬಸವಳಿದಿದ್ದೆ. ಒಬ್ಬರು ಯೋಜನೆಯ ಅನುದಾನ ಮುಗಿಯಿತು ಎಂದರು. ಒಬ್ಬರು ಫೆಲೋಶಿಪ್ಪನ್ನು ನೀನೇ ತಂದರೆ ಬಾ ಎಂದರು, ಬೀಗರ ಊಟಕ್ಕೆ ಬರುವಾಗ ಅಕ್ಕಿ ತಾ ಅಂದ ಹಾಗೆ. ಉಳಿದವರು ಉತ್ತರವನ್ನೇ ಕೊಡಲಿಲ್ಲ. ನಮ್ಮ ಕಚೇರಿಗಳನ್ನು ಜನ ಸುಮ್ಮನೆ ಬೈಯುತ್ತಾರೆ. ಇಲ್ಲಿ ತಿರಸ್ಕರಿಸಿದರೂ ‘ತಿರಸ್ಕೃತ’ ಎಂದಾದರೂ ಬರೆದು ಕಳಿಸುತ್ತಾರೆ. ನೀನು ಬೆಳಗ್ಗೆ ಎದ್ದ ಕೂಡಲೇ ಮೇಲ್ ನೋಡಿ, ಮುಖ ತೊಳೆಯದೆ ಮತ್ತೆ ಮಲಗುತ್ತಿದ್ದುದನ್ನು ಅವ್ವ ನೋಡುತ್ತಿದ್ದಳು.

ಒಂದು ದಿನ ನನ್ನನ್ನು ಕೇಳಿದಳು, “ಏನಪಾ ಅದು, ಪೋಸ್‌ಡಾಕು? ಓದು ಮುಗದೈತಿ ಅಂದ್ರಿ, ಮತ್ತ ಓದಾಕ ಹೋಗ್ತಾಳೇನು?”

ಓದು ಮುಗಿದವರನ್ನು ಒಬ್ಬ ದೊಡ್ಡ ಪ್ರೊಫೆಸರು ತನ್ನ ಕೈಕೆಳಗೆ ಸಂಶೋಧನೆ ಮಾಡಲು ಒಂದೆರಡು ವರ್ಷದ ಕರಾರಿನ ಮೇಲೆ ಇಟ್ಟುಕೊಳ್ಳುತ್ತಾರೆ, ಕರಾರು ಮುಗಿದ ಮೇಲೆ ಇನ್ನೊಂದು ಕಡೆ ಹುಡುಕಬೇಕು ಎಂದು ಬಿಡಿಸಿ ಹೇಳಿದೆ.

ಅವ್ವ, “ಅಂದ್ರ ಗುಳೇನs ಹೌದಿಲ್ಲು?” ಎಂದಳು.

ನಾನು ನಕ್ಕೆ, ಆದರೆ ಅವ್ವ ತಪ್ಪು ಹೇಳಿರಲಿಲ್ಲ. ಸುಗ್ಗಿ ಮುಗಿದ ಮೇಲೆ ನಮ್ಮಿಬ್ಬರನ್ನು ಕಟ್ಟಿಕೊಂಡು ಬೆಂಗಳೂರಿಗೆ ಗುಳೆ ಹೋಗಿ, ಕಟ್ಟಡದ ಮರಳಗುಡ್ಡೆಯ ಬದಿಗೆ ತಗಡಿನ ಶೆಡ್ಡಿನಲ್ಲಿ ಸಂಸಾರ ಮಾಡಿದವಳು ಅವಳು. ಆಗ ಮೇಸ್ತ್ರಿಯ ಮನೆಯ ಮುಂದೆ ಅಪ್ಪ ಕೈಕಟ್ಟಿ ನಿಲ್ಲುತ್ತಿದ್ದ. ನಾನಂದೆ, “ಹೌದಬೇ, ಗುಳೇನs. ಆದ್ರ ಈ ಸಲ ಮೇಸ್ತ್ರಿನs ನಿನ್ನ ಮಗಳನ್ನ ಹುಡಿಕ್ಯಾಡಬೇಕು, ಹಂಗ ಅದ ಆಕಿ ಕೈಕೆಲಸ.” ಅವ್ವನಿಗೆ ಈ ಮಾತು ಎಷ್ಟು ಹಿಡಿಸಿತೆಂದರೆ ಆಸ್ಪತ್ರೆಯಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿದ್ದಾಗಲೂ ಪಕ್ಕದ ಹಾಸಿಗೆಯವರಿಗೆಲ್ಲ ಅದನ್ನೇ ಹೇಳಿದಳಂತೆ. ಬೇಕಾದರೆ ನೆನಪು ಮಾಡಿಕೊ, ನೀನು ಅಲ್ಲೇ ಇದ್ದೆ.

ಈಗ ಮಲ್ಲಟದ ವಿಡಿಯೊ. ಕಳೆದ ವರ್ಷ ಹತ್ತಿ ಬಿಡಿಸುವ ಕಾಲಕ್ಕೆ ನಿನ್ನ ಯಂತ್ರದ ಕೈಯನ್ನು ಅವ್ವನ ಗುಂಪು ಕೂಲಿಗೆ ಹೋಗುವ ಹೊಲಕ್ಕೇ ತಂದಿದ್ದೆ. ಗಾಳಿ ತುಂಬಿದರೆ ಮಡಚಿಕೊಳ್ಳುವ ಮೆತ್ತನೆಯ ಬೆರಳು, ಅದರ ಮೇಲೆ ನೀನೇ ಕಾಯಿಸಿ, ಬೆರೆಸಿ ಮಾಡಿದ ಹೊಸ ತೊಗಲು. ಒಡೆದ ಕಾಯಿಯಿಂದ ಹತ್ತಿಯನ್ನಷ್ಟೇ ತೆಗೆಯಬೇಕು, ಒಣ ಎಲೆಯ ಚೂರು ಬರಬಾರದು. ಪ್ರಯೋಗಾಲಯದಲ್ಲಿ ಅದು ಚೆನ್ನಾಗಿ ಮಾಡುತ್ತಿತ್ತು. ಹೊಲದಲ್ಲಿ ಬೆಳಗಿನ ಇಬ್ಬನಿ ಬೆರಳಿಗೆ ತಾಗಿ ಹಿಡಿದದ್ದನ್ನೆಲ್ಲ ಕೆಡವತೊಡಗಿತು. ಗುಂಪಿನ ಹೀರಾಬಿ ಅವ್ವನನ್ನು ಕೆಣಕದೆ ಬಿಡುವವಳೇ? “ಏ ಬೂದೆಮ್ಮ, ನಿನ್ನ ಸಣ್ಣ ಸೊಸಿ ಭಾಳ ಚಂದ ಅದಾಳ ಬೇ, ಕೆಲಸ ಒಂದ ಬರಂಗಿಲ್ಲ!” ಆವತ್ತಿನಿಂದ ಅದರ ಹೆಸರು ಸಣ್ಣ ಸೊಸೆ ಎಂದೇ ಆಯಿತು. ಬಿಸ್ಮಿಲ್ಲಾ ಬೀ ಇನ್ನೊಂದು ಸೇರಿಸಿದಳು, “ನಮ್ಮ ಕೂಲಿ ಕಸಗೊಳ್ಳಾಕ ನಿನ್ನ ಮಗಳs ಮಿಷನ್ ಮಾಡ್ಯಾಳಲ್ಲ?” ಅವ್ವ ಸೊಂಟದ ಮೇಲೆ ಕೈಯಿಟ್ಟು ಅಂದಳು, “ಮೊದಲ ನನ್ನ ಬೆನ್ನುಬ್ಯಾನಿ ಕಸಗೊಳ್ಳಲಿ, ಆಮ್ಯಾಲೆ ಕೂಲಿ ಮಾತು.”

ನಾನು ಇದನ್ನೆಲ್ಲ ಮೊಬೈಲಿನಲ್ಲಿ ಹಿಡಿಯುತ್ತಿದ್ದೆ. ನೀನು ಸಾಲಿನ ನಡುವೆ ಮಣ್ಣಿನಲ್ಲಿ ಕುಳಿತು ಬೆರಳು ಬಿಚ್ಚಿದೆ, ಒರೆಸಿದೆ, ಲ್ಯಾಪ್‌ಟಾಪಿನಲ್ಲಿ ಏನೋ ತಿದ್ದಿದೆ, ಮತ್ತೆ ಕೂಡಿಸಿದೆ. ಬಿಸಿಲು ಏರಿತು. ಮತ್ತೆ ಕೆಡವಿತು. ಮತ್ತೆ ತಿದ್ದಿದೆ. ಕೊನೆಗೊಮ್ಮೆ ಸಣ್ಣ ಸೊಸೆ ಒಂದು ಕಾಯಿಯ ಹತ್ತಿಯನ್ನು ಚೂರೂ ಕಸವಿಲ್ಲದೆ ಎತ್ತಿಕೊಂಡು ಹಾಗೆಯೇ ಹಿಡಿದು ನಿಂತಿತು. ಹೆಂಗಸರೆಲ್ಲ ಹೋ ಎಂದು ಕೂಗಿದರು. ಸಂಜೆ ನೀನು ಅದನ್ನು ಪೆಟ್ಟಿಗೆಯಲ್ಲಿ ಇಡುವಾಗ ಅವ್ವ ತಡೆದಳು. “ಹೆಣ್ಣಾಗಲಿ ಮಿಷನ್ನಾಗಲಿ, ಹೊಲಕ್ಕ ಬಂದು ದುಡದದ್ದು ಬರೇ ಉಡಿಲೆ ಹೋಗಬಾರ್ದು.” ಯಂತ್ರದ ಕೋಲಿಗೆ ತನ್ನ ಟವೆಲ್ಲನ್ನೇ ಉಡಿಯ ಹಾಗೆ ಕಟ್ಟಿ, ಅದರಲ್ಲಿ ಅಕ್ಕಿ, ತೆಂಗಿನಕಾಯಿ, ಕುಬಸದ ಬಟ್ಟೆ ಹಾಕಿದಳು. ಹೀರಾಬಿ ಎಲೆ ಅಡಿಕೆ ಇಟ್ಟಳು. ಎಲೆಯನ್ನು ನೀನು ಆ ಬೆರಳಿಗೇ ಕೊಟ್ಟೆ, ಅದು ಹರಿಯದೆ ಹಿಡಿದುಕೊಂಡಿತು. ತವರಿಗೆ ಬಂದ ಮಗಳನ್ನು ಕಳಿಸುವ ಹಾಗೆ ಆ ಯಂತ್ರವನ್ನು ಟಂಟಂ ಆಟೊ ಹತ್ತಿಸಿದೆವು.

ನವೆಂಬರಿನಲ್ಲಿ ಸಂದರ್ಶನ ನನ್ನ ಅಂಗಡಿಯಲ್ಲೇ ನಡೆಯಿತು. ಮನೆಯಲ್ಲಿ ನೆಟ್‌ವರ್ಕು ನಿಲ್ಲುವುದಿಲ್ಲವೆಂದು ಶಟರು ಅರ್ಧ ಎಳೆದು ನಿನ್ನನ್ನು ಒಳಗೆ ಕೂರಿಸಿ ನಾನು ಹೊರಗೆ ಕಾವಲು ನಿಂತೆ. ಗಿರಾಕಿಗಳನ್ನೆಲ್ಲ ಚಹಾದಂಗಡಿಗೆ ಅಟ್ಟಿದೆ. ನಿವೃತ್ತ ಜವಾನ ತಾಯಣ್ಣ ಕಾಕಾ ಮಾತ್ರ ಕದಲಲಿಲ್ಲ. ಪಿಂಚಣಿಗೆ ಜೀವಂತ ಪ್ರಮಾಣಪತ್ರ ಮಾಡಿಸಲು ಬಂದಿದ್ದ.

“ನಾ ಜೀವಂತ ಅದೀನಿ ಅಂತ ಹೇಳಾಕ ಬಂದೀನಿ. ಎಷ್ಟೊತ್ತು ಕುಂದ್ರಲಿ?”

“ಇನ್ನೊಂದು ತಾಸು ಜೀವಂತ ಇರು ಕಾಕಾ. ಒಳಗ ತಂಗಿ ಅದಾಳ.”

ಒಳಗಿನ ಇಂಗ್ಲಿಷು ನನಗೆ ತಿಳಿಯಲಿಲ್ಲ, ದನಿ ತಿಳಿಯಿತು. ಮೊದಲು ನೀನು ಇನ್‌ಸ್ಪೆಕ್ಟರ ಮುಂದೆ ಪಾಠ ಒಪ್ಪಿಸುವ ಹಾಗೆ ಮಾತಾಡುತ್ತಿದ್ದೆ. ಆಮೇಲೆ ಅವರಲ್ಲೊಬ್ಬರು ಏನೋ ಕೇಳಿದರು, ‘ಕೊಕೊನಟ್’ ಎಂದದ್ದು ನನಗೂ ಕೇಳಿಸಿತು. ಒಳಗೆ ನಿನ್ನ ಕುರ್ಚಿ ಹಿಂದೆ ಸರಿಯಿತು. ಮಲ್ಲಟದ ವಿಡಿಯೊ ಹೋಗಿದೆ ಎನ್ನುವುದು ನಿನಗೆ ತಿಳಿದದ್ದು ಆ ಗಳಿಗೆಯಲ್ಲಿ ಎಂದು ಈಗ ಗೊತ್ತಾಗುತ್ತದೆ. ನಾನು ಶಟರಿಗೆ ಬೆನ್ನು ಹಚ್ಚಿ ದೇವರನ್ನು ನೆನೆದೆ. ಆಮೇಲೆ ನೀನು ಶುರು ಮಾಡಿದೆ ನೋಡು, ನನ್ನ ಜೊತೆ ಜಗಳಕ್ಕೆ ನಿಂತಾಗ ಬರುತ್ತದಲ್ಲ, ಅದೇ ದನಿ. ತಡೆಯಿಲ್ಲ, ತಡವರಿಕೆಯಿಲ್ಲ. ಕೆಡವಿದ್ದು ಏಕೆ, ಇಬ್ಬನಿಗೆ ತೊಗಲು ಏಕೆ ಸೋತಿತು, ಮುಂದೆ ಏನು ಬದಲಿಸುತ್ತೀ, ಎಲ್ಲ ಹೇಳುತ್ತಿದ್ದೀ ಎಂದು ಊಹಿಸಿದೆ.

ತಾಯಣ್ಣ ಕಾಕಾ ಕಿವಿಗೊಟ್ಟು ಕೇಳಿ, “ನಿನ್ನ ತಂಗಿ ಯಾರಿಗೋ ಬೈಯಾಕತ್ತಾಳಲ್ಲೋ” ಎಂದ.

“ಇಲ್ಲ ಕಾಕಾ, ಕೆಲಸ ಕೇಳಾಕತ್ತಾಳ.”

“ಹಿಂಗ ಕೇಳಿದ್ರ ಕೊಡಲಾರದs ಏನ್ ಮಾಡ್ತಾರ ಬಿಡು!”

ಅವರು ಕೊಟ್ಟರು. ಆ ಖುಷಿಯಲ್ಲಿ ನೀನು ಅರ್ಜಿಯ ಪುಟ ತೆರೆದು ನೋಡಿದೆ, ಕೆಳಗೆ ಅಪ್ಪನ ಕೂಲಿ ಕಾರ್ಡಿನವರೆಗೆ ಎಲ್ಲ ಕಟ್ಟು ಕಂಡಿತು, ಖುಷಿ ಅಲ್ಲಿಗೇ ಆರಿಹೋಯಿತು. ನಿನ್ನ ಸಿಟ್ಟು ನನಗೆ ಅರ್ಥವಾಗದೆ ಇಲ್ಲ. ಎಲ್ಲಿ ಹೋದರೂ ಆ ಜಾತಿ ಪ್ರಮಾಣಪತ್ರ ಮುಂದೆ ಇಟ್ಟೇ ಮಾತು ಶುರು ಮಾಡಬೇಕಾದವರು ನಾವು. ಅದು ನಮ್ಮ ಹಕ್ಕು, ನಾಚಿಕೆಯಲ್ಲ. ಆದರೆ ಒಂದು ಸಲ, ಒಂದೇ ಒಂದು ಸಲ, ಅದಿಲ್ಲದೆ ಬರೀ ನಿನ್ನ ಕೈಕೆಲಸವನ್ನು ತೂಗಿ ನೋಡಲಿ ಎಂದು ನೀನು ಬಯಸಿದ್ದೆ. ಆ ತಕ್ಕಡಿಯ ಮೇಲೆ ನಾನು ಹೋಗಿ ಕುಳಿತೆ.

ಹಾಗಾಗಿ ನಿಜವಾಗಿ ಏನು ತೂಗಿತು ಎನ್ನುವುದನ್ನು ಕೇಳಿಯೇಬಿಡೋಣ ಎಂದು ಮಾನ್ವಿಗೆ ಹೋದೆ. ನಿನ್ನ ಗೆಳತಿ ಮುಸರ್ರತ್ ಟೀಚರ್ ಶಾಲೆ ಬಿಡುವವರೆಗೆ ಕಾದು, ಮರೈಕೆ ಮೇಡಂಗೆ ಮೇಲ್ ಮಾಡಲು ಒಂದು ಪತ್ರ ಬರೆದುಕೊಡಮ್ಮ ಎಂದೆ. ಮೊದಲು ಬೈದಳು. “ದುರುಗೇಶಣ್ಣಾ, ಆಕಿನ್ನ ಕೇಳಲಾರದs ಮತ್ತ ಕೈ ಹಾಕ್ತೀರಲ್ರಿ!” ಇದೇ ಕೊನೆ ಎಂದೆ. ನಾನು ಹೇಳಿದೆ, ಅವಳು ಇಂಗ್ಲಿಷಿಗೆ ಇಳಿಸಿದಳು. ನಡುವೆ ಒಂದು ಸಲ ಪೆನ್ನು ಕೆಳಗಿಟ್ಟು, “‘ವಿಷಯ’, ‘ಉಲ್ಲೇಖ’, ‘ತಮ್ಮ ವಿಧೇಯ’ ಎಲ್ಲಾ ಬ್ಯಾಡ್ರಿ, ಇದು ಅರ್ಜಿ ಅಲ್ಲ” ಎಂದಳು. ನಾನು ಕೇಳಿದ್ದು ಇಷ್ಟೇ: ನನ್ನ ತಂಗಿ ಹೇಳದಿದ್ದರೂ ನಮ್ಮ ಮನೆಯ ಸ್ಥಿತಿಗತಿಯ ಕಾಗದಗಳನ್ನು ನಾನೇ ಸೇರಿಸಿದೆ, ಅವುಗಳನ್ನು ನೋಡಿ ನೀವು ಅವಳನ್ನು ಆರಿಸಿದಿರೋ, ಅವಳ ಕೆಲಸ ನೋಡಿ ಆರಿಸಿದಿರೋ?

ಮೂರನೆಯ ದಿನಕ್ಕೆ ಉತ್ತರ ಬಂತು. ಪ್ರಿಂಟು ಈ ಪತ್ರದ ಜೊತೆಗಿದೆ. ಈ ಸಲ ಲಗತ್ತು ಒಂದೇ, ಗಾಬರಿಯಾಗಬೇಡ. ಆಯ್ಕೆಯ ಒಳಮಾತನ್ನೆಲ್ಲ ಹೇಳುವಂತಿಲ್ಲ ಎಂದು ಮೇಡಂ ಮೊದಲೇ ಬರೆದಿದ್ದಾರೆ. ಆದರೆ ಕಾಗದಗಳ ಬಗ್ಗೆ ಹೇಳಲು ಅಡ್ಡಿಯಿಲ್ಲವಂತೆ. ಏನು ಬರೆದಿದ್ದಾರೆ ಗೊತ್ತೇ? ಆ ಕಟ್ಟನ್ನು ಅಲ್ಲಿ ಯಾರಿಗೂ ಓದಲು ಬರಲಿಲ್ಲ! ಎಲ್ಲ ಕನ್ನಡದಲ್ಲಿತ್ತಲ್ಲ. ನಾಡಕಚೇರಿಯ ಮೊಹರು, ಅಧಿಕಾರಿಯ ಸಹಿ, ಅಪ್ಪನ ಫೋಟೊ ನೋಡಿ, ಹೊಲದಲ್ಲಿ ಯಂತ್ರದ ಪರೀಕ್ಷೆ ಮಾಡಲು ಊರಿನವರಿಂದ ಮತ್ತು ಸರ್ಕಾರದಿಂದ ನೀನು ಪಡೆದ ಅನುಮತಿ ಪತ್ರಗಳು ಎಂದು ತಿಳಿದು ಆ ಕಡತಕ್ಕೆ ಸೇರಿಸಿದ್ದರಂತೆ. ಇಷ್ಟು ಅಚ್ಚುಕಟ್ಟಾಗಿ ಅನುಮತಿ ತೆಗೆದುಕೊಂಡು ಹೊಲಕ್ಕೆ ಹೋದ ಸಂಶೋಧಕರನ್ನು ತಾವು ನೋಡಿರಲಿಲ್ಲವಂತೆ. ಅದು ಪಡಿತರ ಚೀಟಿ ಎನ್ನುವುದು ನನ್ನ ಪತ್ರ ಓದಿದ ಮೇಲೆಯೇ ಗೊತ್ತಾದದ್ದಂತೆ. ಇದನ್ನು ಓದಿ ಹೇಳುವಾಗ ಮುಸರ್ರತ್ ನಕ್ಕು ನಕ್ಕು ಕಣ್ಣೊರೆಸಿಕೊಂಡಳು.

ಮುಂದಿನ ಸಾಲನ್ನು ಅವಳು ನಗದೆ ಓದಿದಳು. ನಿನ್ನ ಹೆಸರು ಪಟ್ಟಿಗೆ ಹೋದದ್ದು ಆ ತೊಗಲಿನ ಮೇಲೆ ನೀನು ಬರೆದ ಲೇಖನದಿಂದ, ಅದನ್ನು ಅವರ ಪ್ರಯೋಗಾಲಯದಲ್ಲಿ ನಿನ್ನ ಅರ್ಜಿ ಬರುವ ಮೊದಲೇ ಓದಿದ್ದರು. ಹೊಲದ ವಿಡಿಯೊವನ್ನು ಆಮೇಲೆ ಎಲ್ಲರೂ ಕೂಡಿ ನೋಡಿದರು. ಗೆದ್ದದ್ದನ್ನು ತೋರಿಸುವವರು ಬಹಳ ಜನ ಬರುತ್ತಾರೆ, ಸೋತದ್ದನ್ನು ಎದುರಿಗೆ ಕುಳಿತು ಬಿಚ್ಚಿ ನೋಡುವವರು ಕಡಿಮೆ, ನಮಗೆ ಅಂಥವರು ಬೇಕು ಎಂದಿದ್ದಾರೆ.

ಈಗ ಲೆಕ್ಕ ಹಾಕು. ಕರುಣೆಯ ಖಾತೆಯಲ್ಲಿ ಜಮಾ ಏನು? ಓದಲು ಬಾರದ ಕಾಗದ. ಕೈಕೆಲಸದ ಖಾತೆಯಲ್ಲಿ? ನಿನ್ನ ಲೇಖನ, ನಿನ್ನ ತೊಗಲು, ನಿನ್ನ ಮಾತು. ನನ್ನ ಪಾಲು ಇದರಲ್ಲಿ ಒಂದು ನಯಾಪೈಸೆಯದೂ ಇಲ್ಲವಲ್ಲ ಎಂದು ನನಗೆ ತುಸು ಬೇಸರವೇ ಆಯಿತು, ಅದು ಬೇರೆ ಮಾತು.

ಅಪ್ಪ ಹೆಚ್ಚು ಮಾತಾಡುವವನಲ್ಲ, ನಿನಗೆ ಗೊತ್ತು. ನಿನ್ನೆ ಅಂಗಡಿಗೆ ಬಂದು, ಆ ಊರು ಎಲ್ಲಿದೆ ತೋರಿಸು ಎಂದ. ಕಂಪ್ಯೂಟರಿನಲ್ಲಿ ನಕಾಶೆ ತೆರೆದು ತೋರಿಸಿದೆ. ಬಹಳ ಹೊತ್ತು ನೋಡಿ, “ಅಲ್ಲಿ ಮೇಸ್ತ್ರಿ ಹೆಣ್ಮಗಳಾ?” ಎಂದ. ಹೌದಪ್ಪಾ ಎಂದೆ. “ಚಲೋ ಆತು” ಎಂದು ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೋದ. ಹೋಗುವಾಗ ಬಸ್ ನಿಲ್ದಾಣದ ಕಡೆಯಿಂದ ಸುತ್ತಿಬಳಸಿ ಹೋದ, ನಾಲ್ಕು ಜನ ಸಿಗಲಿ ಎಂದು.

ಅವ್ವನ ಕಣ್ಣು ಈಗ ನಿಚ್ಚಳವಾಗಿ ಕಾಣುತ್ತದೆ. ಡಬ್ಬಿಯಲ್ಲಿ ಅಕ್ಕಿ, ತೆಂಗಿನಕಾಯಿ, ಹಸಿರು ಕುಬಸದ ಬಟ್ಟೆ ತೆಗೆದಿಟ್ಟಿದ್ದಾಳೆ. ಇದು ಯಾರಿಗಬೇ, ಸಣ್ಣ ಸೊಸೆಗಾ ಎಂದು ಕೆಣಕಿದೆ. “ಸೊಸಿಗೆ ಹ್ವಾದ ವರ್ಷನs ತುಂಬೀನಿ. ಇದು ಮಗಳಿಗೆ. ಬರ್ತಾಳೋ ಇಲ್ಲೋ ಕೇಳಿ ಬರಿ” ಎಂದಳು. ಕೇಳಿ ಬರೆದಿದ್ದೇನೆ. ರಾಯಚೂರಿನ ಕಾಲೇಜು ಎಲ್ಲಿಗೂ ಓಡಿಹೋಗುವುದಿಲ್ಲ. ಎರಡು ವರ್ಷ ಬಿಟ್ಟು ಬಂದರೆ ಅದೇ ಕಾಲೇಜು ನಿನ್ನನ್ನು ಉದ್ಘಾಟನೆಗೆ ಕರೆಯುತ್ತದೆ. ಶುಕ್ರವಾರದೊಳಗೆ ಏನು ಬರೆಯುತ್ತೀಯೋ ನಿನಗೆ ಬಿಟ್ಟದ್ದು. ಆದರೆ ಬರೆಯುವುದು ನೀನೇ ಬರಿ, ನಿನ್ನ ಕೈಯಿಂದಲೇ ಕಳಿಸು. ನಾನು ಕೀಬೋರ್ಡಿನ ಹತ್ತಿರವೂ ಸುಳಿಯುವುದಿಲ್ಲ.

ನಿನ್ನ ಹೆಸರಿನ ಮುಂದೆ ‘ಡಾ.’ ಎಂದು ಟೈಪು ಮಾಡುವಾಗಲೆಲ್ಲ ಬೇಕೆಂದೇ ಅಕ್ಷರ ದಪ್ಪ ಮಾಡುವ,

ನಿನ್ನ ಅಣ್ಣ
ದುರುಗೇಶ ಆದೆಪ್ಪ

ತಾ.ಕ.: ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಪ್ರಮಾಣಪತ್ರಗಳು ಅಭ್ಯಾಸಬಲದಿಂದ ಹೋದವು, ನಿಜ. ಮಲ್ಲಟದ ವಿಡಿಯೊ ಹಾಗೆ ಹೋದದ್ದಲ್ಲ. ಅದು ನಿನ್ನ ಲ್ಯಾಪ್‌ಟಾಪಿನಲ್ಲಿ ಇರಲೇ ಇಲ್ಲ, ನನ್ನ ಮೊಬೈಲಿನಲ್ಲಿದ್ದದ್ದನ್ನು ಬೇಕೆಂದೇ ಏರಿಸಿದೆ. ನೀನು ಕೊಟ್ಟ ವಿಡಿಯೊವನ್ನು ಮೊದಲು ಪೂರ್ತಿ ನೋಡಿದೆ, ಯಂತ್ರದ ಕೈ ಒಂದೇ ಒಂದು ಸಲವೂ ತಪ್ಪದೆ ಕೆಲಸ ಮಾಡುತ್ತದೆ. ಚೆನ್ನಾಗಿತ್ತು. ಆದರೆ ತಂಗಿ, ಅದರಲ್ಲಿ ಕೈ ಇತ್ತು, ನೀನು ಇರಲಿಲ್ಲ.